ತೆಂಗಿನೆಣ್ಣೆ ಕುಡಿದ ರೀಲು

ಹೋದ ಭಾನುವಾರ ನೀವಿಬ್ಬರೂ ಅಡುಗೆಮನೆಯ ಅಟ್ಟದಿಂದ ಹಳೆಯ ಬಿಸ್ಕತ್ತಿನ ಡಬ್ಬಿ ಇಳಿಸಿದಿರಿ. ಅದರೊಳಗೆ ಇದ್ದ ಮೀನುಗಾಳದ ರೀಲನ್ನು ಕಿರ್ರ್ ಎಂದು ತಿರುಗಿಸುತ್ತ, "ಅಜ್ಜೀ, ಯೇ ಕಿಸ್ಕಾ ಹೈ?" ಎಂದು ಕೇಳಿದಿರಿ. ನಾನು "ಅಜ್ಜಂದು" ಎಂದೆ. "ಇದರ ಮೇಲೆ ಹಳದಿ ಕಲೆ ಯಾಕೆ?" ಎಂದಾಗ ಕುಕ್ಕರ್ ಆರಿಸುವ ನೆಪ ಹೇಳಿ ಒಳಗೆ ಹೋದೆ. ಕುಕ್ಕರನ್ನು ಆಗಲೇ ಆರಿಸಿಯಾಗಿತ್ತು.

ನನಗೆ ಬಾಯಿಬಿಟ್ಟು ಹೇಳಲು ಬರುವುದಿಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತೆ. ಮೇಷ್ಟ್ರು ಕೇಳಿದ್ದಕ್ಕೆ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುತ್ತಿರಲಿಲ್ಲ. ಸ್ಲೇಟಿನ ಮೇಲೆ ಬರೆದು, ಕೂತಲ್ಲಿಂದಲೇ ಎತ್ತಿ ತೋರಿಸುತ್ತಿದ್ದೆ. ಈಗಲೂ ಅದೇ ಬುದ್ಧಿ. ನಮ್ಮ ಮನೆಮಾತು ತುಳು, ಆದರೆ ಬರೆಯಲು ಕಲಿತದ್ದು ಕನ್ನಡ. ನಿಮಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಅಮ್ಮ ಓದಿ ಹೇಳಲಿ. ಇದರಲ್ಲಿ ಅವಳಿಗೂ ಅರ್ಧ ಗೊತ್ತಿಲ್ಲ.

ಆಗ ನಿಮ್ಮ ಅಮ್ಮ ಠಾಣೆಯ ಕಾಲೇಜಿನಲ್ಲಿ ಹನ್ನೆರಡನೆಯ ತರಗತಿಯಲ್ಲಿದ್ದಳು. ನಮ್ಮ ಐರೋಲಿಗೆ ರೈಲು ಬಂದು ಒಂದೆರಡು ವರ್ಷವಾಗಿತ್ತಷ್ಟೆ. ಅಜ್ಜ ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಯಂತ್ರ ಕೆಟ್ಟರೆ ಬಿಚ್ಚಿ ಸರಿಮಾಡುವ ಕೆಲಸ. ಇಪ್ಪತ್ತೆಂಟು ವರ್ಷ ಅಲ್ಲಿಯೇ ದುಡಿದರು. ಆ ಕಾರ್ಖಾನೆ ಮುಚ್ಚಿತು. ಮುಚ್ಚುವ ಮೊದಲು ಮೂರು ತಿಂಗಳು, ತಾನು ಅಷ್ಟು ವರ್ಷ ನೋಡಿಕೊಂಡ ಯಂತ್ರಗಳನ್ನು ಅಜ್ಜನೇ ಒಂದೊಂದಾಗಿ ಬಿಚ್ಚಿ ಲಾರಿಗೆ ಏರಿಸಬೇಕಾಯಿತು. ಆಮೇಲೆ ಆ ಜಾಗದಲ್ಲಿ ಗಾಜಿನ ಕಟ್ಟಡ ಏಳತೊಡಗಿತು. ನಮ್ಮ ಮನೆಯ ಗ್ಯಾಲರಿಯಿಂದ ಅದರ ಕ್ರೇನು ಕಾಣುತ್ತಿತ್ತು. ಅಜ್ಜ ಗ್ಯಾಲರಿಗೆ ಬರುವುದನ್ನೇ ಬಿಟ್ಟರು.

ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯಲ್ಲಿ ಒಂದು ಗೋದಾಮಿನ ವಾಚ್‌ಮನ್ ಕೆಲಸವಿದೆ ಎಂದು ಊರಿನವರೊಬ್ಬರು ಹೇಳಿದರು. ಒಂದು ದಿನ ಹೋದರು. ಸಂಜೆ ಬಂದು ಕೈಕಾಲು ತೊಳೆದು, "ಅಲ್ಲಿ ದಿನವಿಡೀ ಕಬ್ಬಿಣ ಕೊಯ್ಯುತ್ತಾರೆ. ಆ ಸದ್ದು ನನ್ನಿಂದ ಕೇಳಲಿಕ್ಕಾಗುವುದಿಲ್ಲ" ಎಂದರು. ಮರುದಿನ ಹೋಗಲಿಲ್ಲ. ಅಲ್ಲಿಂದ ಮಾತೂ ನಿಂತಿತು. ಊಟಕ್ಕೆ ಕರೆದರೆ ಬರುವರು, ಬಡಿಸಿದಷ್ಟು ಉಣ್ಣುವರು. ಸಾರಿಗೆ ಉಪ್ಪು ಹಾಕಲು ಮರೆತ ದಿನವೂ ಏನೂ ಅನ್ನಲಿಲ್ಲ. ಉಪ್ಪಿಲ್ಲದ ಸಾರನ್ನು ಸುಮ್ಮನೆ ಉಣ್ಣುವ ಮನುಷ್ಯ ಅವರಾಗಿರಲಿಲ್ಲ.

ಒಂದು ಮಧ್ಯಾಹ್ನ ನನ್ನನ್ನು ಕರೆದು ಚಾಪೆಯ ಮೇಲೆ ಕಾಗದಪತ್ರ ಹರಡಿದರು. ರೇಷನ್ ಕಾರ್ಡು, ಗ್ಯಾಸಿನ ಪುಸ್ತಕ, ವಿಮೆಯ ಕಾಗದ, ಮನೆಯ ಕಾಗದ. ಯಾವುದು ಯಾವ ಚೀಲದಲ್ಲಿದೆ ಎಂದು ತೋರಿಸಿದರು. ಬ್ಯಾಂಕಿನ ಚೀಟಿಯಲ್ಲಿ ಹೇಗೆ ಸಹಿ ಹಾಕಬೇಕು ಎಂದು ಒಂದು ಹಾಳೆಯಲ್ಲಿ ಮೂರು ಸಲ ಬರೆಸಿದರು.

"ಈಗ ಯಾಕೆ ಇದೆಲ್ಲ?" ಎಂದೆ.

"ಗೊತ್ತಿರಲಿ ಅಂತ" ಎಂದರು.

ಮಕ್ಕಳೇ, ನನ್ನ ಹೆದರಿಕೆ ಹುಟ್ಟಿದ್ದು ಆವತ್ತು. ನಾನು ಚಿಕ್ಕವಳಿದ್ದಾಗ ನೆರೆಮನೆಯ ಒಬ್ಬರು ಹೀಗೆಯೇ ಎಲ್ಲವನ್ನೂ ಓರಣ ಮಾಡಿಟ್ಟು, ದನಕ್ಕೆ ಹುಲ್ಲು ಹಾಕಿ, ಬಾವಿಯ ಕಡೆಗೆ ಹೋಗಿದ್ದರು. ಬಾವಿಕಟ್ಟೆಯ ಮೇಲೆ ಅವರ ಚಪ್ಪಲಿ ಜೋಡಿಯಾಗಿ ಇತ್ತು. ಆ ಚಪ್ಪಲಿಯನ್ನು ನಾನು ಕಣ್ಣಾರೆ ಕಂಡಿದ್ದೆ.

ಅಜ್ಜ ಆಗ ದಿನಾ ನಾಲ್ಕು ಗಂಟೆಗೆ ಖಾಡಿಯ ಕಡೆಗೆ ಹೋಗುತ್ತಿದ್ದರು. ನಿಮಗೆ ಗೊತ್ತಲ್ಲ, ಮುಲುಂಡಿಗೆ ಹೋಗುವ ಸೇತುವೆಯ ಕೆಳಗೆ ಸಮುದ್ರ ಒಳಗೆ ಚಾಚಿಕೊಂಡಿರುವ ಆ ನೀರು. ಏಳಕ್ಕೆ ಬರುವರು. ಕಾಗದಪತ್ರದ ಮಾತಾದ ಮರುದಿನ ನಾನು ಕೊತ್ತಂಬರಿ ತರುವ ಚೀಲ ಹಿಡಿದು, ದೂರದಿಂದ ಅವರ ಹಿಂದೆ ಹೋದೆ. ಜೆಟ್ಟಿಯ ಮೆಟ್ಟಿಲ ಮೇಲೆ ಚಪ್ಪಲಿ ಬಿಚ್ಚಿಟ್ಟರು. ಎರಡನ್ನೂ ಒಟ್ಟಿಗೆ ಜೋಡಿಸಿಟ್ಟರು. ಬರಿಗಾಲಲ್ಲಿ ಕೆಳಗಿಳಿದು, ನೀರಿಗೆ ತೀರ ಹತ್ತಿರದ ಕಲ್ಲಿನ ಮೇಲೆ ಕೂತರು. ಕರೆಯಲು ಸ್ವರ ಬರಲಿಲ್ಲ. ಒಂದು ಮುಗುಚಿಟ್ಟ ದೋಣಿಯ ಹಿಂದೆ ನಿಂತುಕೊಂಡೆ.

ಅಲ್ಲಿ ಇಬ್ಬರು ಮೂವರು ಗಾಳ ಹಾಕಿ ಕೂತಿದ್ದರು. ಅವರಲ್ಲೊಬ್ಬರು ಮುದುಕರು. ಇದ್ದಕ್ಕಿದ್ದಂತೆ ಅವರ ಕೋಲು ಬಾಗಿ, ರೀಲು ಕಿರ್ರ್ರ್ ಎಂದು ಕಿರುಚಿತು. ಅಜ್ಜ ತಟ್ಟನೆ ಎದ್ದು ನಿಂತರು. ಆ ಮುದುಕರು ಮೀನು ಎಳೆದು ಮೇಲೆ ಹಾಕುವವರೆಗೂ ಕಣ್ಣು ಕೀಳದೆ ನೋಡಿದರು. ಮೀನನ್ನಲ್ಲ, ಆ ತಿರುಗುವ ರೀಲನ್ನು. ಎಷ್ಟೋ ತಿಂಗಳ ಮೇಲೆ ಅವರ ಮುಖದಲ್ಲಿ ಏನೋ ಒಂದು ಅಲುಗಿದ್ದನ್ನು ಕಂಡೆ. ಮೀನು ಬುಟ್ಟಿಗೆ ಬಿದ್ದ ಮೇಲೆ ಮತ್ತೆ ಹಾಗೆಯೇ ಕೂತರು.

ಮನೆಗೆ ಹಿಂದಿರುಗುವ ದಾರಿಯಲ್ಲಿ ನಾನು ಯೋಚಿಸಿದ್ದು ಇಷ್ಟೇ. ನೀರಿನ ಬಳಿ ಹೋಗಬೇಡಿ ಎಂದು ಹೇಳುವ ಧೈರ್ಯ ನನಗಿಲ್ಲ. ಹೋಗಿಯೇ ಹೋಗುತ್ತಾರೆ ಎಂದಾದರೆ, ಕೈಯಲ್ಲೊಂದು ಗಾಳವಾದರೂ ಇರಲಿ. ಗಾಳ ಹಾಕಿದವನು ಏನಾದರೊಂದಕ್ಕೆ ಕಾಯುತ್ತಾ ಇರುತ್ತಾನೆ.

ಮಾರುಕಟ್ಟೆಯಲ್ಲಿ ನೀಲಿ ತಾಡಪಾಲಿನ ಕೆಳಗೆ ಕೂತು ಮೀನು ಮಾರುವ ಒಬ್ಬ ಹೆಂಗಸಿದ್ದರು, ಇಲ್ಲಿನ ಮೀನುಗಾರ ಕೋಲಿ ಪಂಗಡದವರು. ನಾನು ಮಾವ್ಶಿ ಎನ್ನುತ್ತಿದ್ದೆ, ನಮ್ಮಲ್ಲಿ ಚಿಕ್ಕಮ್ಮ ಎನ್ನುವ ಹಾಗೆ. ತುರುಬಿನ ತುಂಬ ಅಬ್ಬಲಿಗೆ ಹೂವು, ಮಾತು ಕತ್ತಿಯ ಹಾಗೆ. ಅವರದು ಮರಾಠಿ, ನನ್ನ ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲಿ ಬರೆಯುತ್ತೇನೆ. ಬಂಗುಡೆ ಕೊಳ್ಳುವಾಗ ತಲೆ ತಗ್ಗಿಸಿಕೊಂಡೇ ಕೇಳಿದೆ, "ಮಾವ್ಶಿ, ಗಾಳದ ರೀಲು ಎಲ್ಲಿ ಸಿಗುತ್ತದೆ?"

"ಅಗೋ ಬಾಯಿ! ನಾನು ಮಾರಿದ ಮೀನು ಸಾಲದಾಯಿತೇನು? ನೀನೇ ಹಿಡಿಯಲು ಹೊರಟೆಯಾ?"

"ನನಗಲ್ಲ. ನಮ್ಮವರಿಗೆ."

ಮೀನು ಕತ್ತರಿಸುತ್ತಿದ್ದ ಕೈ ನಿಂತಿತು. "ಜೆಟ್ಟಿಯ ಹತ್ತಿರ ಚಪ್ಪಲಿ ಬಿಚ್ಚಿಟ್ಟು ಕೂತಿರುತ್ತಾರಲ್ಲ, ಅವರಾ?"

ನಾನು ಬಂಗುಡೆಯ ದುಡ್ಡು ಎಣಿಸತೊಡಗಿದೆ. ಅವರು ನನ್ನ ಮುಖ ನೋಡಿದರು. ಬಂಗುಡೆಯ ತಲೆಯನ್ನು ಒಂದೇ ಏಟಿಗೆ ಹಾರಿಸಿ, "ಕೋಲು ನಮ್ಮ ಮನೆಯಲ್ಲಿ ಬಿದ್ದಿದೆ, ಮೈದುನನದು. ರೀಲು ಮಾತ್ರ ತುಕ್ಕು ಹಿಡಿದು ಸತ್ತುಹೋಗಿದೆ. ರೀಲು ನೀನು ತಾ, ಕೋಲು ನಾನು ಕೊಡುತ್ತೇನೆ" ಎಂದರು.

ಮೊದಲು ನಾನೊಬ್ಬಳೇ ಠಾಣೆ ಸ್ಟೇಶನ್ನಿನ ಬಳಿಯ ಅಂಗಡಿಗೆ ಹೋದೆ. ಗಾಜಿನ ಕಪಾಟಿನ ತುಂಬ ರೀಲು, ಬಂಗಾರದ ಅಂಗಡಿಯ ಹಾಗೆ ದೀಪ. ಅಂಗಡಿಯವನು ಒಂದರ ಮೇಲೊಂದು ಪ್ರಶ್ನೆ ಕೇಳಿದ. ಸಿಹಿನೀರಿಗೋ ಉಪ್ಪುನೀರಿಗೋ? ಎಷ್ಟನೇ ನಂಬರು? ಕೋಲು ಎಷ್ಟು ಉದ್ದ? ಹ್ಯಾಂಡಲ್ ಎಡಕ್ಕೋ ಬಲಕ್ಕೋ? ಯಾವ ಮೀನಿಗೆ? ಕೊನೆಯದಕ್ಕೆ ಮಾತ್ರ ನನಗೆ ಉತ್ತರ ಗೊತ್ತಿತ್ತು. "ರಾವಸ್" ಎಂದೆ. ಅಜ್ಜನಿಗೆ ರಾವಸ್ ಎಂದರೆ ಪ್ರಾಣ. ಆದರೆ ಅದರ ಬೆಲೆಗೆ ನಾವು ವರ್ಷಕ್ಕೊಂದು ಸಲ ತಂದರೆ ಹೆಚ್ಚು.

"ರಾವಸ್ ಅಂದರೆ ಇಂಡಿಯನ್ ಸಾಲ್ಮನ್, ಮೇಡಂ. ಇದು ನೋಡಿ, ಸ್ಪೆಶಲ್ ಸಾಲ್ಮನ್ ರೀಲು" ಎಂದು ಒಂದು ಪೆಟ್ಟಿಗೆ ಮುಂದಿಟ್ಟ. ಪೆಟ್ಟಿಗೆಯ ಮೇಲೆ ಹಿಮದ ಬೆಟ್ಟ, ತಿಳಿಯಾದ ನದಿ, ಮೊಣಕಾಲವರೆಗೆ ರಬ್ಬರ್ ಬೂಟು ಹಾಕಿದ ಒಬ್ಬ ಬಿಳಿಯ ದೊರೆ, ಅವನ ಕೈಯಲ್ಲಿ ಕೆಂಪು ಮೀನು. ನಮ್ಮ ಖಾಡಿಯ ನೀರು ಅದನ್ನು ಕಂಡಿದ್ದರೆ ನಾಚಿಕೊಳ್ಳುತ್ತಿತ್ತು. ಆ ತಣ್ಣೀರಿನ ಮೀನಿನ ರೀಲು ನಮ್ಮ ಕೆಸರಿನ ರಾವಸಿಗೆ ಆಗುತ್ತದೆಯೇ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಅವನು ಹೇಳಿದ ಬೆಲೆ ಕೇಳಿ "ಆಮೇಲೆ ಬರುತ್ತೇನೆ" ಎಂದು ಹೊರಗೆ ಬಂದೆ. ರೈಲಿನಲ್ಲಿ ಕೂತು ಗಡಿಯಾರ ನೋಡಿದೆ, ನಾಲ್ಕೂವರೆ. ಅಜ್ಜ ಆಗಲೇ ಹೋಗಿರುತ್ತಾರೆ. ಕೈಯಲ್ಲಿ ಏನೂ ಇಲ್ಲದೆ ಕೂತಿರುತ್ತಾರೆ.

ಮಾವ್ಶಿಗೆ ಹೇಳಿದಾಗ ನಕ್ಕರು. "ಪೆಟ್ಟಿಗೆಯ ಮೇಲಿನ ಚಿತ್ರಕ್ಕೆ ದುಡ್ಡು ಕೊಡಲು ಹೊರಟವಳು ನೀನೊಬ್ಬಳೇ. ಗುರುವಾರ ಜನ ಮೀನು ತಿನ್ನುವುದಿಲ್ಲ, ನನಗೆ ವ್ಯಾಪಾರವಿಲ್ಲ. ಉಲ್ಹಾಸನಗರಕ್ಕೆ ಹೋಗೋಣ."

"ಅಲ್ಲಿನದೆಲ್ಲ ನಕಲಿ ಅಂತಾರಲ್ಲ?"

"ನಕಲಿ ರೀಲಿಗೂ ಅಸಲಿ ಮೀನು ಬೀಳುತ್ತದೆ. ಬ್ರೇಕು ನೋಡಿ ತಗೊಳ್ಳಬೇಕು, ಅಷ್ಟೇ. ರಾವಸ್ ನಿಂತುಕೊಳ್ಳುವ ಜಾತಿಯಲ್ಲ, ಓಡುತ್ತದೆ. ಬಿಗಿಹಿಡಿದರೆ ದಾರ ಕಡಿಯುತ್ತದೆ. ಪೂರ್ತಿ ಸಡಿಲಬಿಟ್ಟರೆ ಮೀನೂ ಇಲ್ಲ, ದಾರವೂ ಇಲ್ಲ. ಓಡಲು ಬಿಡಬೇಕು, ಬಿಟ್ಟೂ ಹಿಡಿದಿರಬೇಕು. ಉಳಿದದ್ದೆಲ್ಲ ಬಣ್ಣ."

ಗುರುವಾರ ಠಾಣೆಗೆ ಹೋಗಿ, ಗಾಡಿ ಬದಲಿಸಿ ಉಲ್ಹಾಸನಗರದಲ್ಲಿ ಇಳಿದೆವು. ಒಬ್ಬರ ಹೆಗಲು ಇನ್ನೊಬ್ಬರಿಗೆ ತಾಗುವ ಗಲ್ಲಿಗಳು. ಒಂದು ಕಡೆ ಹಪ್ಪಳದ ರಾಶಿ, ಇನ್ನೊಂದು ಕಡೆ ಜೀನ್ಸ್ ಪ್ಯಾಂಟಿನ ರಾಶಿ. ಅದರ ನಡುವೆ ಟಾರ್ಚು, ಆಟದ ಸಾಮಾನು, ಕೊಡೆ ಮಾರುವ ಒಂದು ಇಕ್ಕಟ್ಟಿನ ಅಂಗಡಿಯಲ್ಲಿ ರೀಲುಗಳನ್ನು ಈರುಳ್ಳಿಯ ಹಾಗೆ ಬುಟ್ಟಿಯಲ್ಲಿ ಹಾಕಿಟ್ಟಿದ್ದರು.

"ಎಲ್ಲ ಇಂಪೋರ್ಟೆಡ್, ಬೆಹನ್‌ಜೀ" ಎಂದ ಅಂಗಡಿಯವನು.

"ಹೌದೌದು, ಹಿಂದಿನ ಗಲ್ಲಿಯಿಂದ ಇಂಪೋರ್ಟ್ ಆಗಿದ್ದು" ಎಂದರು ಮಾವ್ಶಿ.

ಅವನು ಕೋಪಿಸಿಕೊಳ್ಳದೆ ನಕ್ಕ. ಮಾವ್ಶಿ ಬುಟ್ಟಿಯಿಂದ ಒಂದು ಬಂಗಾರದ ಬಣ್ಣದ ರೀಲು ಎತ್ತಿ ನನ್ನ ಕಿವಿಯ ಹತ್ತಿರ ತಿರುಗಿಸಿದರು. ಒಳಗೆ ಮರಳು ಇದ್ದ ಹಾಗೆ ಗರಗರ ಎಂದಿತು. ಹಿಂದಕ್ಕೆ ಎಸೆದರು. ಇನ್ನೊಂದರ ಹಿಡಿಕೆ ಹಿಡಿದು ಅಲ್ಲಾಡಿಸಿದರು, ಹಾಲುಹಲ್ಲಿನ ಹಾಗೆ ಅಲುಗಿತು. ಹಾಗೆ ನೋಡಿ ನೋಡಿ ಮೂರನ್ನು ಬೇರೆ ಇಟ್ಟರು.

"ನಿನ್ನ ಗಂಡ ಯಾವ ಕೈಯಲ್ಲಿ ತಿರುಗಿಸುತ್ತಾನೆ?"

ಪರಪುರುಷನ ಎದುರು ಗಂಡನ ಕೈಯ ವಿಷಯ ಹೇಳಲು ನನಗೆ ನಾಚಿಕೆ. ಮೆಲ್ಲಗೆ, "ಉಣ್ಣುವುದು ಬಲಗೈಯಲ್ಲಿ. ಸ್ಕ್ರೂ ತಿರುಗಿಸುವುದು ಎಡಗೈಯಲ್ಲಿ" ಎಂದೆ.

"ನೋಡಿದೆಯಾ, ನಿನಗೆ ಎಲ್ಲ ಗೊತ್ತಿದೆ. ಈಗ ಈ ದಾರದ ತುದಿ ಹಿಡಿ."

"ಯಾಕೆ?"

"ನೀನೀಗ ರಾವಸ್. ಓಡು."

ನಾನು ಹೆಜ್ಜೆ ಎತ್ತಲಿಲ್ಲ. ಗಲ್ಲಿಯ ತುಂಬ ಜನ. ಮಾವ್ಶಿ ರೀಲನ್ನು ಸೊಂಟಕ್ಕೆ ಆನಿಸಿ ಹಿಡಿದು, "ಪಳ! ಪಳ! ಓಡು, ಓಡು!" ಎಂದು ಇಡೀ ಗಲ್ಲಿ ತಿರುಗಿ ನೋಡುವ ಹಾಗೆ ಕೂಗಿದರು. ನಾನು ದಾರವನ್ನು ಕೈಗೆ ಸುತ್ತಿಕೊಂಡು, ಸೆರಗು ಸಿಕ್ಕಿಸಿ ನಡೆದೆ. "ಇದು ರಾವಸಾ? ಇದು ಬಸುರಿ ಎಮ್ಮೆ! ಓಡೇ!" ಎಂದರು. ಓಡಿದೆ. ಮದುವೆಯಾದ ಮೇಲೆ ನಾನು ಓಡಿದ್ದು ಅದೇ ಮೊದಲು. ಮೊದಲನೆಯ ರೀಲು ಬಿಡಲೇ ಇಲ್ಲ. ದಾರ ಫಟ್ಟೆಂದು ಕಡಿದು ನಾನು ಹಪ್ಪಳದ ಗಾಡಿಯ ಮೇಲೆ ಬೀಳುವುದರಲ್ಲಿದ್ದೆ. ಎರಡನೆಯದು ತಡೆತಡೆದು, ಬಿಕ್ಕಳಿಸುತ್ತ ದಾರ ಬಿಟ್ಟಿತು. ಮೂರನೆಯದು ಕಪ್ಪು ಬಣ್ಣದ್ದು. ಪೆಟ್ಟಿಗೆ ಹರಿದಿತ್ತು, ಹೆಸರಿಲ್ಲ, ಚಿತ್ರವಿಲ್ಲ. ಅದು ಮಾತ್ರ ನಾನು ಓಡಿದಷ್ಟೂ ಕಿರ್ರ್ರ್ ಎಂದು ಒಂದೇ ಹದದಲ್ಲಿ ದಾರ ಬಿಡುತ್ತ ಬಂತು. ನಿಂತೊಡನೆ ತಾನೂ ನಿಂತಿತು. ಗಲ್ಲಿಯ ತುದಿಯಲ್ಲಿ ಏದುಸಿರು ಬಿಡುತ್ತ ಹಿಂದಿರುಗಿ ನೋಡಿದರೆ ಅಂಗಡಿಯವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು.

ಅದನ್ನೇ ತೆಗೆದುಕೊಂಡೆವು. ಮೈ ಲೋಹದ್ದು, ಹಿಡಿಕೆಯನ್ನು ಎಡಕ್ಕೂ ಬಲಕ್ಕೂ ಬದಲಿಸಬಹುದಿತ್ತು. ಅಕ್ಕಿಡಬ್ಬಿಯಲ್ಲಿ ನಾನು ಕೂಡಿಟ್ಟದ್ದು ಅದಕ್ಕೆ ಸಾಕಾಯಿತು. ಬರುವಾಗ ಮಾವ್ಶಿ ಹೇಳಿದರು, "ಉಪ್ಪುನೀರು ಇದನ್ನು ತಿಂದುಹಾಕುತ್ತದೆ. ಎಣ್ಣೆ ಹಾಕುತ್ತಿರಲು ಹೇಳು." ಯಾವ ಎಣ್ಣೆ ಎಂದು ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ತಂದದ್ದೇನೋ ಆಯಿತು, ಕೊಡುವುದು ಹೇಗೆ? ನಮ್ಮ ಕಾಲದಲ್ಲಿ ಹೆಂಡತಿ ಗಂಡನಿಗೆ ಏನಾದರೂ ತಂದುಕೊಡುವ ರೂಢಿಯೇ ಇರಲಿಲ್ಲ. "ಯಾಕೆ ತಂದೆ?" ಎಂದು ಕೇಳಿದರೆ ಏನೆನ್ನಲಿ? ರೀಲನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಕ್ಕಿಯೊಳಗೆ ಹೂತಿಟ್ಟೆ. ದಿನಾ ಅಕ್ಕಿ ಅಳೆಯುವಾಗ ಕೈಗೆ ತಾಗುತ್ತಿತ್ತು. ಹೀಗೆ ಎಂಟು ದಿನ ಕಳೆಯಿತು. ದಿನಾ ಏಳು ಗಂಟೆಗೆ ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳುವವರೆಗೆ ನನಗೆ ಉಸಿರಿಲ್ಲ.

ಅಷ್ಟರಲ್ಲಿ ನವರಾತ್ರಿ ಬಂತು. ಪ್ರತಿ ವರ್ಷ ಆಯುಧ ಪೂಜೆಗೆ ಅಜ್ಜ ಕಾರ್ಖಾನೆಯಿಂದ ತನ್ನ ಸ್ಪಾನರುಗಳನ್ನು ಮನೆಗೆ ತರುತ್ತಿದ್ದರು. ನಾನು ಅವನ್ನು ನನ್ನ ಕತ್ತಿ, ಮೆಟ್ಟುಕತ್ತಿ, ತೆಂಗಿನತುರಿಮಣೆಯ ಜೊತೆ ತೊಳೆದು, ಅರಸಿನ ಕುಂಕುಮ ಹಚ್ಚಿ, ಹೂವಿಡುತ್ತಿದ್ದೆ. ಆ ವರ್ಷ ಸ್ಪಾನರುಗಳು ಕಾರ್ಖಾನೆಯ ಜೊತೆಗೇ ಹೋಗಿದ್ದವು. ಹಿಂದಿನ ದಿನ ಕೇಳಿದಾಗ, "ನನ್ನದು ಎಂಥ ಉಂಟು ಪೂಜೆಗೆ? ನಿನ್ನ ಕತ್ತಿಗೆ ಮಾಡು" ಎಂದಿದ್ದರು.

ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ರೀಲನ್ನು ತೆಗೆದೆ. ನಮ್ಮ ತವರಿನಲ್ಲಿ ಪೂಜೆಯ ದಿನ ಕತ್ತಿ, ನೇಗಿಲ ಗುಳಕ್ಕೆಲ್ಲ ತೆಂಗಿನೆಣ್ಣೆ ಹಚ್ಚುತ್ತಿದ್ದರು, ಉಪ್ಪುಗಾಳಿಗೆ ತುಕ್ಕು ಹಿಡಿಯದಿರಲೆಂದು. ನನಗೆ ಮಾವ್ಶಿಯ ಮಾತು ನೆನಪಾಯಿತು. ಹೊರಗೆ ಹಚ್ಚಿದರೆ ಸಾಲದು, ಉಪ್ಪು ಒಳಗೂ ಹೋಗುತ್ತದಲ್ಲ ಎಂದು, ಹಿಡಿಕೆ ಸಿಕ್ಕಿಸುವ ತೂತಿನಿಂದ, ಮೇಲಿನ ಬ್ರೇಕಿನ ಸಂದಿನಿಂದ, ಹಸುಗೂಸಿಗೆ ಎಣ್ಣೆ ಕುಡಿಸುವ ಹಾಗೆ ಚಮಚದಲ್ಲಿ ಹೊಯ್ದೆ. ಅದು ಕುಡಿಯಿತು. ಅರಸಿನ ಕುಂಕುಮ ಹಚ್ಚಿ, ಕತ್ತಿಗಳ ನಡುವೆ ಇಟ್ಟೆ.

ಅಜ್ಜ ಬಂದು ಕೈಮುಗಿಯಲು ನಿಂತರು. ಕಣ್ಣು ಅದರ ಮೇಲೆ ಬಿತ್ತು.

"ಇದು ಯಾರದು?"

"ನಿಮ್ಮದೇ" ಎಂದೆ.

"ನನಗೆ ಎಂತಕ್ಕೆ?"

"ರಾವಸ್... ತಿನ್ನದೆ ತುಂಬ ದಿನ ಆಯಿತಲ್ಲ."

ಸಂಜೆ ಅವರು ಮಾವ್ಶಿ ಕೊಟ್ಟ ಕೋಲಿಗೆ ರೀಲು ಕಟ್ಟಿಕೊಂಡು ಹೋದರು.

ನನ್ನ ಹೆದರಿಕೆ ಅಲ್ಲಿಗೆ ಮುಗಿಯಿತು ಎಂದುಕೊಂಡಿರಾ? ಇಲ್ಲ. ಅಜ್ಜನ ಸ್ವಭಾವ ನಿಮಗೆ ಗೊತ್ತಿಲ್ಲ. ಯಾವ ಹೊಸ ಯಂತ್ರ ಮನೆಗೆ ಬಂದರೂ ಮೊದಲ ದಿನವೇ ಅದನ್ನು ಬಿಚ್ಚಿ ಒಳಗೇನಿದೆ ಎಂದು ನೋಡದೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಮಿಕ್ಸಿಯನ್ನು ಬಿಚ್ಚಿದ್ದರು, ನಿಮ್ಮ ಅಮ್ಮನ ಗೊಂಬೆಯನ್ನೂ ಬಿಚ್ಚಿದ್ದರು. ಈ ರೀಲನ್ನು ಮಾತ್ರ ಬಿಚ್ಚಲಿಲ್ಲ. ಒಂದು ಸ್ಕ್ರೂ ಕೂಡ ಮುಟ್ಟಲಿಲ್ಲ. ದಿನಾ ಒಯ್ಯುವರು, ದಿನಾ ತರುವರು, ಬಾಗಿಲ ಹಿಂದೆ ಒರಗಿಸುವರು. ಒಂದೆರಡು ಸಣ್ಣ ಮೀನು ತಂದರು. ನನ್ನ ಮನಸ್ಸಿಗಾಗಿ ಹಿಡಿದುಕೊಂಡು ಹೋಗುತ್ತಾರೇನೋ ಎಂದು ನನಗೆ ಅನ್ನಿಸತೊಡಗಿತು. ಕಾಗದಪತ್ರದ ಚೀಲ ಕಪಾಟಿನಲ್ಲಿ ಹಾಗೆಯೇ ಇತ್ತು. ನಾನು ಆಗಾಗ ಹೋಗಿ ಮೆಟ್ಟಿಲ ಮೇಲಿನ ಚಪ್ಪಲಿ ನೋಡಿ ಬರುತ್ತಿದ್ದೆ. ಚಪ್ಪಲಿಯ ಆಚೆ ತಲೆ ಕಂಡರೆ ಸಾಕು, ಹಿಂದಿರುಗುತ್ತಿದ್ದೆ.

ಡಿಸೆಂಬರಿನಲ್ಲಿ ಆ ವರ್ಷ ಚಳಿ ಜೋರಾಗಿ ಬಂತು. ಭರತದ ನೀರು ಏರುವಾಗ ರಾವಸ್ ನಮ್ಮ ಕಡೆಯವರೆಗೂ ಏರಿ ಬರುತ್ತದೆ, ಬೆಳಗಾಗುವಾಗ ಬನ್ನಿ ಎಂದು ಆ ಮುದುಕರು ಹೇಳಿದ್ದರಂತೆ. ಅಜ್ಜ ಮಫ್ಲರ್ ಸುತ್ತಿಕೊಂಡು ಹೊರಟರು. "ಎಂಟಕ್ಕೆ ಬರ್ತೇನೆ" ಎಂದರು.

ಎಂಟಾಯಿತು. ದೋಸೆಹಿಟ್ಟು ತಯಾರಿತ್ತು. ಒಂಬತ್ತಾಯಿತು. ನಿಮ್ಮ ಅಮ್ಮನಿಗೆ ಜಡೆ ಹಾಕಲು ಎಣ್ಣೆ ಬಾಟ್ಲಿ ತೆಗೆದರೆ ಎಣ್ಣೆ ಬೆಳ್ಳಗೆ ಕಲ್ಲಾಗಿತ್ತು. ಬಾಟ್ಲಿಯನ್ನು ಬಿಸಿಲಿಗೆ ಇಟ್ಟೆ. ಅದು ನನಗೆ ಏನೋ ಹೇಳುತ್ತಿತ್ತು, ಆದರೆ ನನ್ನ ತಲೆ ಅಲ್ಲಿರಲಿಲ್ಲ. ನಿಮ್ಮ ಅಮ್ಮ ಕಾಲೇಜಿಗೆ ಹೋದಳು. ಹತ್ತಾಯಿತು. "ಎಂಟಕ್ಕೆ ಬರ್ತೇನೆ" ಎಂದವರು ಯಾವತ್ತೂ ತಡಮಾಡಿದವರಲ್ಲ. ಕಾರ್ಖಾನೆಯ ಸೈರನ್ನಿನ ಮನುಷ್ಯ. ಕಪಾಟು ತೆಗೆದು ನೋಡಿದೆ. ಕಾಗದದ ಚೀಲ ಓರಣವಾಗಿ ಇತ್ತು. ಬಾಗಿಲು ಎಳೆದುಕೊಂಡು ಹೊರಟೆ.

ಜೆಟ್ಟಿಯ ಮೆಟ್ಟಿಲ ಮೇಲೆ ಚಪ್ಪಲಿ ಇತ್ತು. ಜೋಡಿಯಾಗಿ.

ಅದರ ಆಚೆ ತಲೆ ಕಾಣಲಿಲ್ಲ. ಕಲ್ಲಿನ ಮೇಲೆ ಕೋಲು ಬಿದ್ದಿತ್ತು, ರೀಲಿಲ್ಲದ ಬೋಳು ಕೋಲು. ಕಡಿದ ದಾರದ ತುಂಡೊಂದು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡು ನೀರಿನಲ್ಲಿ ಆಡುತ್ತಿತ್ತು. ನೀರು ಇಳಿಯುತ್ತಿತ್ತು. ನಾನು ಮೆಟ್ಟಿಲಿಳಿದು ಕಲ್ಲಿನವರೆಗೆ ಹೋದದ್ದು ನನಗೆ ನೆನಪಿಲ್ಲ. ಶಾಲೆಯಲ್ಲಿ ಎದ್ದು ನಿಂತು ಉತ್ತರ ಹೇಳದವಳು, ಗಂಡನ ಎದುರು ಸ್ವರವೆತ್ತದವಳು, ಆ ನೀರಿಗೆ ಮುಖಮಾಡಿ, ಗಂಟಲು ಹರಿಯುವ ಹಾಗೆ "ಇವ್ರೇ!" ಎಂದು ಕೂಗಿದೆ. ಎರಡನೆಯ ಸಲ, ಮೂರನೆಯ ಸಲ ಕೂಗಿದೆ.

"ಎಂಥ ಬೊಬ್ಬೆ ಮಾರಾಯ್ತಿ ನಿನ್ನದು? ಇಲ್ಲಿದ್ದೇನೆ!"

ಸ್ವರ ಹಿಂದಿನಿಂದ ಬಂತು. ಮುಗುಚಿಟ್ಟ ದೋಣಿಯ ಆಚೆ, ನಾನು ಹಿಂದೆ ಅವಿತು ನಿಂತಿದ್ದ ಅದೇ ದೋಣಿಯ ಆಚೆ, ಎಳೆಬಿಸಿಲಿನಲ್ಲಿ ಅಜ್ಜ ಕೂತಿದ್ದರು. ಮುಂದೆ ಪೇಪರು ಹಾಸಿತ್ತು. ಅದರ ಮೇಲೆ ರೀಲು ಚೂರುಚೂರಾಗಿ, ಸ್ಕ್ರೂ, ಹಲ್ಲಿನ ಚಕ್ರ, ಬಿಲ್ಲೆ, ಸ್ಪ್ರಿಂಗು, ಬಿಚ್ಚಿದ ಕ್ರಮದಲ್ಲಿ ಸಾಲಾಗಿ ಇದ್ದವು. ಗಾಳ ಹಾಕುವ ಮೂವರು ಸುತ್ತ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. ಅಜ್ಜನ ಕೈಯಲ್ಲಿ ಬೆಂಕಿಕಡ್ಡಿ. ಅದರ ತುದಿಯಲ್ಲಿ ಬೆಣ್ಣೆಯಂಥ ಬಿಳಿಯ ಉಂಡೆ.

"ಬಾ ಇಲ್ಲಿ! ಇದಕ್ಕೆ ಎಂಥ ಹಾಕಿದ್ದೀ?"

ಹತ್ತಿರ ಹೋದಾಗ ಕಡ್ಡಿಯನ್ನು ನನ್ನ ಮೂಗಿನ ಮುಂದೆ ಹಿಡಿದರು.

"ತೆಂಗಿನೆಣ್ಣೆ! ಯಂತ್ರಕ್ಕೆ ತೆಂಗಿನೆಣ್ಣೆ! ಇದೇನು ನಿನ್ನ ಜಡೆಯಾ? ಇಷ್ಟುದ್ದದ ರಾವಸ್ ಮಾರಾಯ್ತಿ, ಇಷ್ಟುದ್ದ! ಎಳೆಯಿತು ನೋಡು, ಬ್ರೇಕು ಕಲ್ಲಾಗಿ ಕೂತಿದೆ, ಒಂದಿಂಚು ದಾರ ಬಿಡುವುದಿಲ್ಲ. ಫಟ್! ಹೋಯಿತು!"

ಸುತ್ತ ಕೂತವರಲ್ಲಿ ಒಬ್ಬ, "ಭಾಭೀಜೀ, ಮುಂದಿನ ಸಲ ಸಾಸಿವೆ ಒಗ್ಗರಣೆಯನ್ನೂ ಕೊಡಿ" ಎಂದ. ಎಲ್ಲರೂ ನಕ್ಕರು. ಆ ಮುದುಕರು ತಮ್ಮ ರೀಲನ್ನು ಮುಂದೆ ಚಾಚಿ, "ಇದೂ ಗರಗರ ಅನ್ನುತ್ತೆ, ನೋಡ್ತೀರಾ?" ಎಂದು ಅಜ್ಜನನ್ನು ಕೇಳುತ್ತಿದ್ದರು. ಅಜ್ಜ ಅವರತ್ತ ತಿರುಗದೆ, "ತಡೀರಿ, ಒಂದೊಂದಾಗಿ" ಎಂದರು. ಆ "ಒಂದೊಂದಾಗಿ" ಕಾರ್ಖಾನೆಯ ಸ್ವರ. ಎಷ್ಟು ತಿಂಗಳಾಗಿತ್ತು ಅದನ್ನು ಕೇಳಿ.

ನಾನು ಅಲ್ಲಿಯೇ ಕುಸಿದು ಕೂತು ಅತ್ತೆ. ಬೈದದ್ದಕ್ಕೆ ಅಳುತ್ತಿದ್ದೇನೆ ಎಂದುಕೊಂಡು ಆ ಮೂವರೂ ಮೆಲ್ಲಗೆ ಎದ್ದುಹೋದರು.

ಅಜ್ಜ ಸುಮ್ಮನೆ ನನ್ನ ಕಾಲು ನೋಡುತ್ತಿದ್ದರು. ಕಲ್ಲಿನ ಮೇಲಿನ ಚಿಪ್ಪು ತಾಗಿ ಹೆಬ್ಬೆರಳಿನಿಂದ ರಕ್ತ ಬರುತ್ತಿತ್ತು.

"ನಿನ್ನ ಚಪ್ಪಲಿ ಎಲ್ಲಿ?"

"ಹಾಕಲು ಮರೆತೆ." ಮತ್ತೆ ಹೇಗೋ ಬಾಯಿಂದ ಬಂದುಬಿಟ್ಟಿತು, "ನಿಮ್ಮದು ಮೆಟ್ಟಿಲ ಮೇಲೆ..."

ಅವರು ಬೆಂಕಿಕಡ್ಡಿಯಿಂದ ಒಂದು ಚಕ್ರದ ಹಲ್ಲುಗಳ ನಡುವಿನ ಎಣ್ಣೆ ತೆಗೆದರು. ಆಮೇಲೆ, "ಪಾಚಿಯ ಮೇಲೆ ಚಪ್ಪಲಿ ಜಾರುತ್ತದೆ. ಅದಕ್ಕೆ ಅಲ್ಲಿ ಬಿಡುವುದು" ಎಂದರು. ಇನ್ನೊಂದು ಚಕ್ರ ಎತ್ತಿಕೊಂಡು, ನನ್ನ ಮುಖ ನೋಡದೆ, "ದಿನಾ ಬಂದು ಅದನ್ನೇ ನೋಡುತ್ತಿದ್ದೆಯಾ?" ಎಂದು ಕೇಳಿದರು.

ನಾನು ಸೆರಗಿನಿಂದ ಹೆಬ್ಬೆರಳು ಒತ್ತಿಕೊಂಡೆ. ಅವರು ಎದ್ದುಹೋಗಿ ಮೆಟ್ಟಿಲ ಮೇಲಿದ್ದ ತಮ್ಮ ಚಪ್ಪಲಿಯನ್ನು ಕೈಯಲ್ಲಿ ಎತ್ತಿ ತಂದು ನನ್ನ ಕಾಲ ಬಳಿ ಇಟ್ಟರು. "ಹಾಕು" ಎಂದರು. ಮನೆಯವರೆಗೆ ನಾನು ಅವರ ದೊಡ್ಡ ಚಪ್ಪಲಿಯಲ್ಲಿ ಟಪಟಪ ಎಂದು ನಡೆದೆ, ಅವರು ಬಿಡಿಭಾಗಗಳ ಪೇಪರನ್ನು ಎರಡೂ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಬಂದರು. ದೋಸೆ ತಿನ್ನುವಾಗ, "ಚಟ್ನಿಗೆ ಉಪ್ಪು ಕಮ್ಮಿ" ಎಂದರು.

ಆ ಸಂಜೆಯೇ ಸೀಮೆಎಣ್ಣೆಯಲ್ಲಿ ಎಲ್ಲವನ್ನೂ ತೊಳೆದು, ಹೊಸ ಗ್ರೀಸು ಹಚ್ಚಿ ಜೋಡಿಸಿದರು. ಹಿಡಿಕೆಯನ್ನು ಎಡಕ್ಕೆ ಬದಲಿಸಿದರು. ಬುಡದ ಮೇಲಿನ ಅರಸಿನದ ಕಲೆ ಸೀಮೆಎಣ್ಣೆಗೆ ಹೋಗಲಿಲ್ಲ. "ಬ್ರಶ್ ಹಾಕಿ ಉಜ್ಜಲಾ?" ಎಂದೆ. "ನೀನು ಮುಟ್ಟಬೇಡ" ಎಂದರು. ಆಮೇಲೆ ಭಾನುವಾರ ಬಂತೆಂದರೆ ನಮ್ಮ ಕಿಟಕಿಯ ಕಟ್ಟೆಯ ಮೇಲೆ ಯಾರ್ಯಾರದೋ ರೀಲುಗಳು ಸಾಲು ಹಿಡಿಯತೊಡಗಿದವು. ಮರುವರ್ಷ ಒಂದು ಹೌಸಿಂಗ್ ಸೊಸೈಟಿಯಲ್ಲಿ ನೀರಿನ ಪಂಪು ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ರಾವಸ್ ಕೂಡ ಸಿಕ್ಕಿತು, ಎರಡು ಚಳಿಗಾಲ ಕಾದ ಮೇಲೆ. ಮಾವ್ಶಿ ಉಲ್ಹಾಸನಗರದ ಓಟದ ಕತೆಯನ್ನು ಅವರಿಗೆ ಯಾವಾಗಲೋ ಹೇಳಿಬಿಟ್ಟಿದ್ದರು. ನಾನು ಅವಸರದಲ್ಲಿ ನಡೆದರೆ, "ಓ, ರಾವಸ್ ಹೊರಟಿತು" ಎನ್ನುತ್ತಿದ್ದರು.

ನಿಮ್ಮ ಅಮ್ಮನ ಮದುವೆ ನೋಡಿದರು. ನೀವು ಹುಟ್ಟುವ ಮೊದಲು, ಸಕ್ಕರೆ ಕಾಯಿಲೆಯಿಂದ ಹೃದಯ ಸೋತು, ಹಾಸಿಗೆಯಲ್ಲಿ ಹೋದರು. ಆಗ ಆ ಕಾಗದಪತ್ರದ ಚೀಲ ತೆಗೆದೆ. ಎಲ್ಲವೂ ಅವರು ಹೇಳಿದಲ್ಲಿಯೇ ಇತ್ತು. ಬ್ಯಾಂಕಿನಲ್ಲಿ ನನ್ನ ಸಹಿ ಮೊದಲ ಸಲಕ್ಕೇ ಸರಿಯಾಯಿತು. ಆ ಮಧ್ಯಾಹ್ನ ಅವರು ಯಾಕೆ ಅದನ್ನೆಲ್ಲ ಹೇಳಿಕೊಟ್ಟರು ಎಂದು ನಾನು ಅವರನ್ನು ಕೊನೆಯವರೆಗೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರೋ ಏನೋ. ಹೇಳಿದ್ದನ್ನು ಕೇಳಿ ತಡೆದುಕೊಳ್ಳುವ ಶಕ್ತಿ ನನಗಿತ್ತೋ ಇಲ್ಲವೋ.

ರೀಲನ್ನು ಅಟ್ಟಕ್ಕೆ ಹಾಕಬೇಡಿ, ಕೆಳಗೇ ಇರಲಿ. ತಿರುಗಿಸಿ ಆಡಿ. ಗಟ್ಟಿಯಾದರೆ ಅಮ್ಮನ ಹೊಲಿಗೆ ಯಂತ್ರದ ಎಣ್ಣೆ ಎರಡೇ ಹನಿ ಹಾಕಿ, ಹೆಚ್ಚು ಬೇಡ. ಖಾಡಿಯ ಕಡೆಗೆ ಒಯ್ಯುವ ಮನಸ್ಸಾದರೆ ಒಯ್ಯಿರಿ, ನಾನು ಬೇಡ ಅನ್ನುವುದಿಲ್ಲ. ಆದರೆ ಹೇಳಿ ಹೋಗಿ. ಎಂಟಕ್ಕೆ ಬರುತ್ತೇವೆ ಎಂದರೆ ಎಂಟಕ್ಕೆ ಬನ್ನಿ.